ತಂಗಿಯ ತೊನ್ನಿಗೆ ಹೊಸ ಮುಲಾಮಿನ ಟ್ರಯಲ್, ಸೇರಿಸಬಹುದಾ?

ಹಾವೇರಿ_ಅಣ್ಣ:
ತಂಗಿಗೆ 22 ವರ್ಷ. ಬಾಯಿ ಸುತ್ತ, ಕಣ್ಣಿನ ಅಂಚಿನಲ್ಲಿ, ಬೆರಳ ತುದಿಗೆ ತೊನ್ನು ಆಗಿದೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಈ ಸಲ ಹೋದಾಗ ಡಾಕ್ಟರು, ಹೊಸ ಮುಲಾಮಿನ ಅಧ್ಯಯನ ನಡೆಯುತ್ತಿದೆ, ಇಷ್ಟ ಇದ್ದರೆ ಸೇರಿ ಅಂತ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದಾರೆ. ಅದರಲ್ಲಿ ಎರಡು ಗುಂಪು ಅಂತ ಇದೆ, ಒಂದು ಗುಂಪಿಗೆ ಔಷಧ ಇಲ್ಲದ ಖಾಲಿ ಮುಲಾಮು, ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ವಂತೆ. ಅಪ್ಪ ಓದಿಸಿಕೊಂಡು ಸಿಟ್ಟಾದರು, ನಮ್ಮ ಹುಡುಗಿ ಮೇಲೆ ಪ್ರಯೋಗ ಮಾಡ್ತಾರಾ ಅಂತ. ಅವ್ವನಿಗೆ ಮದುವೆ ಚಿಂತೆ. ತಂಗಿಗೆ ಸೇರುವ ಮನಸ್ಸಿದೆ. ಇದರಲ್ಲಿ ಮೋಸ ಇಲ್ಲ ಅಂತ ತಿಳಿಯೋದು ಹೇಗೆ? ಖಾಲಿ ಮುಲಾಮು ಬಂದರೆ ಆರು ತಿಂಗಳು ಸುಮ್ನೆ ಹೋಗುತ್ತಲ್ವಾ?

ಸತ್ತೂರು_ಅಕ್ಕ:
ನಾನು ಧಾರವಾಡದಲ್ಲಿ ಇಂಥ ಅಧ್ಯಯನಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೊದಲು ಒಪ್ಪಿಗೆ ಪತ್ರದ ಮೇಲೆ ಸಿಟಿಆರ್‌ಐ ನಂಬರ್ ಇದೆಯಾ ನೋಡಿ. ಔಷಧದ ಟ್ರಯಲ್ ಯಾವುದೇ ಇರಲಿ, 2009ರಿಂದ ಆ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಆಗಲೇಬೇಕು. ಆ ನಂಬರ್ ಹಾಕಿ ಹುಡುಕಿದರೆ ಯಾವ ಔಷಧ, ಎಷ್ಟು ಜನ, ಯಾವ ಆಸ್ಪತ್ರೆ ಎಲ್ಲಾ ಬರುತ್ತೆ. ನಂಬರ್ ಇಲ್ಲ, ಅಥವಾ ಟ್ರಯಲ್ ಮುಲಾಮಿಗೇ ದುಡ್ಡು ಕೇಳ್ತಾರೆ ಅಂದರೆ ಸಹಿ ಹಾಕಬೇಡಿ. ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಕೂಡ ಪತ್ರದಲ್ಲಿರಬೇಕು, ಪತ್ರ ಕನ್ನಡದಲ್ಲಿರಬೇಕು, ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

ಖಾಲಿ ಮುಲಾಮು ಯಾಕೆ ಅಂತ ಅಪ್ಪನಿಗೆ ಹೀಗೆ ಹೇಳಿ. ತೊನ್ನು ಕೆಲವರಿಗೆ ತಾನಾಗೇ ಅಷ್ಟೋ ಇಷ್ಟೋ ಬಣ್ಣ ತುಂಬಿಕೊಳ್ಳುತ್ತೆ. ರಕ್ಸೋಲಿಟಿನಿಬ್ ಅನ್ನೋ ಮುಲಾಮಿನ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ 2022ರಲ್ಲಿ ಬಂತು. 24 ವಾರ ಹಚ್ಚಿದ ಮೇಲೆ ಮುಖದ ತೊನ್ನು ಮುಕ್ಕಾಲು ಪಾಲು ಕಡಿಮೆಯಾದವರು ಔಷಧದ ಗುಂಪಿನಲ್ಲಿ 100ಕ್ಕೆ ಸುಮಾರು 30 ಜನ. ಖಾಲಿ ಮುಲಾಮಿನವರಲ್ಲೂ ಒಂದು ಟ್ರಯಲ್‌ನಲ್ಲಿ 100ಕ್ಕೆ ಸುಮಾರು 7, ಇನ್ನೊಂದರಲ್ಲಿ 11 ಜನರಿಗೆ ಹಾಗೇ ಆಯ್ತು! ಆ ಎರಡನೇ ಗುಂಪು ಇಲ್ಲದಿದ್ದರೆ ಅದನ್ನೂ ಔಷಧದ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು. ಅದರಲ್ಲಿ 24 ವಾರ ಆದ ಮೇಲೆ ಖಾಲಿ ಗುಂಪಿನವರಿಗೂ ಔಷಧ ಕೊಟ್ಟರು. ನಿಮ್ಮಲ್ಲಿ ಹಾಗೆ ಕೊಡ್ತಾರಾ ಅಂತ ತಪ್ಪದೇ ಕೇಳಿ, ನಿಮ್ಮ ಆರು ತಿಂಗಳ ಪ್ರಶ್ನೆಗೆ ಉತ್ತರ ಅಲ್ಲಿದೆ.

ಗದಗ_ಮುದ್ರಣಕಾಶಿ:
ನನಗೂ ತೊನ್ನು ಇದೆ ರೀ, ಬಹಳ ವರ್ಷದಿಂದ. ಬೆರಳ ತುದಿ, ತುಟಿ ಬಗ್ಗೆ ತಂಗಿಗೆ ಈಗಲೇ ಹೇಳಿಬಿಡಿ, ಅಲ್ಲಿ ಬಣ್ಣ ಬರೋದು ಕಷ್ಟ. ಹೊಸ ಬಣ್ಣ ಹೆಚ್ಚಾಗಿ ಕೂದಲ ಬುಡದಿಂದ ಬರುತ್ತೆ, ಬೆರಳ ತುದಿಯಲ್ಲಿ ಕೂದಲೇ ಇಲ್ಲವಲ್ಲ. ನನಗೆ ಬೆಳಕಿನ ಚಿಕಿತ್ಸೆ ನಡೆದಾಗ ಕೆನ್ನೆಯ ಬಿಳಿ ಮಚ್ಚೆಯೊಳಗೆ ಮೊದಲು ಎಳ್ಳಿನಷ್ಟು ಕಂದು ಚುಕ್ಕೆ ಬಂದವು, ಒಂದೊಂದು ಚುಕ್ಕೆಯ ನಡುವೆ ಒಂದು ಸಣ್ಣ ರೋಮ. ಆಮೇಲೆ ಅವು ಹರಡಿ ಕೂಡಿಕೊಂಡವು. ಕೈ ಬೆರಳು ಮಾತ್ರ ಇದ್ದ ಹಾಗೇ ಇವೆ.

ಇನ್ನೊಂದು, ಟಿಕಳಿ ಅಂಟಿಸುವ ಜಾಗದಲ್ಲೂ ಬಿಳುಪು ಇದ್ದರೆ ಡಾಕ್ಟರಿಗೆ ಹೇಳಿ. ಕೆಲವು ಟಿಕಳಿಯ ಅಂಟಿನಲ್ಲಿರುವ ರಾಸಾಯನಿಕದಿಂದಲೇ ಬಣ್ಣ ಹೋಗುತ್ತೆ. ರಬ್ಬರ್ ಚಪ್ಪಲಿಯಿಂದಲೂ ಆಗುತ್ತೆ. ಹಾಗಿದ್ದರೆ ಮೊದಲು ಅದನ್ನು ಬಿಡಬೇಕು. ಮತ್ತೆ ಯಾರಾದರೂ ಇದು ಕುಷ್ಠ, ಅಂಟುತ್ತೆ ಅಂದರೆ ಅವರ ಬಾಯಿ ಮುಚ್ಚಿಸಿ. ಮೈಯ ರಕ್ಷಣೆಗೆ ಇರುವ ಕಣಗಳೇ ಬಣ್ಣದ ಕಣಗಳನ್ನು ಹೊಡೆದುಹಾಕುತ್ತವೆ, ಅಷ್ಟೇ. ಮುಟ್ಟಿದರೆ ಬರೋದಲ್ಲ.

ಹಾವೇರಿ_ಅಣ್ಣ:
ಇಬ್ಬರಿಗೂ ಧನ್ಯವಾದ. ಸಿಟಿಆರ್‌ಐ ನಂಬರ್ ಇದೆ, ಹುಡುಕಿ ನೋಡಿದೆ, ಆಸ್ಪತ್ರೆಯ ಹೆಸರೂ ಬಂತು. ಸೇರಿದ ಮೇಲೆ ಏನಾದರೂ ಹೆಚ್ಚುಕಮ್ಮಿ ಆದರೆ? ನಡುವೆ ಬಿಡಬಹುದಾ?

ಸತ್ತೂರು_ಅಕ್ಕ:
ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ 2019ರ ನಿಯಮದ ಪ್ರಕಾರ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ನಾನು ಹೇಳಿದ ಆ ಮುಲಾಮಿನಲ್ಲಿ ಹಚ್ಚಿದ ಕಡೆ ಮೊಡವೆ, ತುರಿಕೆ ಕೆಲವರಿಗೆ ಆಗಿತ್ತು. ನಿಮ್ಮದರಲ್ಲಿ ಬೇರೆ ಇರಬಹುದು, ಪತ್ರದಲ್ಲಿ ಬರೆದಿರುತ್ತಾರೆ, ಆ ಪುಟ ಇನ್ನೊಮ್ಮೆ ಓದಿ.

ಅವ್ವನ ಮದುವೆ ಮಾತು ಇದೆಯಲ್ಲ, ಅದು ಇಲ್ಲಿ ಮುಖ್ಯ. ಹೊಸ ಔಷಧದ ಟ್ರಯಲ್ ನಡೆಯುವಾಗ ಗರ್ಭಿಣಿ ಆಗಬಾರದು ಅಂತ ಸಾಮಾನ್ಯವಾಗಿ ಷರತ್ತು ಇರುತ್ತೆ. ಈ ವರ್ಷವೇ ಮದುವೆ ಮಾಡುವ ಯೋಚನೆ ಇದ್ದರೆ ಮೊದಲೇ ಹೇಳಿ. ಗಂಡಿನ ಕಡೆಯವರು ಬರುವಷ್ಟರಲ್ಲಿ ಹೋಗಲಿ ಅಂತ ಅವಸರಕ್ಕೆ ಸೇರಿಸೋದು ಬೇಡವೇ ಬೇಡ, ಬಣ್ಣ ಬರೋದು ನಿಧಾನ, ಬಂದೇ ಬರುತ್ತೆ ಅಂತಲೂ ಇಲ್ಲ. ಸಹಿ ಹಾಕುವವಳು ತಂಗಿ. ಅವಳಿಗೆ ಬೇಕಾ ಅಂತ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ.

ಗದಗ_ಮುದ್ರಣಕಾಶಿ:
ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸಿಟ್ಟಿನ ಪ್ರಶ್ನೆ ಎಲ್ಲಾ ಡಾಕ್ಟರ ಎದುರಿಗೇ ಕೇಳಲಿ. ಮತ್ತೆ ಥೈರಾಯ್ಡ್ ಪರೀಕ್ಷೆ ಆಗಿಲ್ಲ ಅಂದರೆ ಅದನ್ನೂ ಮಾಡಿಸಿ, ಟ್ರಯಲ್‌ಗೆ ಸೇರಲಿ ಬಿಡಲಿ. ತೊನ್ನು ಇರುವವರಲ್ಲಿ ಅದರ ತೊಂದರೆ ಜಾಸ್ತಿ.