ಏಳು ಸಭೆಗಳ ಟರ್ಕಿ ಟೂರ್: ಮಂಡಿ ನೋವಿರುವ ಅಮ್ಮನಿಗೆ ಆಗುತ್ತಾ?

ವಿರಾಜಪೇಟೆ_ಮಳೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಕೆಲವು ಮನೆಯವರು ಸೇರಿ ಟರ್ಕಿಗೆ ಗ್ರೂಪ್ ಟೂರ್ ಹೋಗುವ ಮಾತು ನಡೆದಿದೆ. ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಬರುವ ಏಳು ಸಭೆಗಳ (ಅಂದರೆ ಮೊದಲ ಕಾಲದ ಕ್ರೈಸ್ತ ಸಮುದಾಯಗಳ) ಊರುಗಳು, ಅದರ ಜೊತೆ ಇಸ್ತಾಂಬುಲ್, ಇಜ್ನಿಕ್, ಕಪ್ಪಡೋಕಿಯಾ, ಎಲ್ಲವೂ ಒಂಬತ್ತು ದಿನದಲ್ಲಿ ಅಂತ ಏಜೆಂಟ್ ಪಟ್ಟಿ ಕೊಟ್ಟಿದ್ದಾನೆ. ಅಮ್ಮನಿಗೆ ಎಪ್ಪತ್ತರ ಹತ್ತಿರ, ಮಂಡಿ ನೋವು ಬೇರೆ. ಆದರೂ ತೋಟದ ಇಳಿಜಾರಲ್ಲಿ ಈಗಲೂ ಓಡಾಡುತ್ತಾರೆ, ಬೇಡ ಅಂದರೆ ಕೇಳುವವರಲ್ಲ. ಆ ಏಳರಲ್ಲಿ ಒಂದಾದ ಎಫೆಸ ನೋಡಬೇಕು ಅಂತ ಬಹಳ ಆಸೆ. ನಡಿಗೆ ಎಷ್ಟಿರುತ್ತೆ? ಯಾವ ತಿಂಗಳು ಒಳ್ಳೆಯದು? ಕಾಫಿ ಕೊಯ್ಲು ಮುಗಿಯದೆ ನಾವು ಹೊರಡುವ ಹಾಗಿಲ್ಲ.

ಹಾರಂಗಿ_ದಂಡೆ:
ನಾವು ಇಂಥದ್ದೇ ಟೂರ್ ಹೋಗಿದ್ದೆವು. ಮೊದಲು ಒಂದು ವಿಷಯ ಅಮ್ಮನಿಗೆ ಹೇಳಿಡಿ: ಆ ಏಳು ಊರಲ್ಲಿ ಆ ಕಾಲದ ಚರ್ಚ್ ಕಟ್ಟಡ ಒಂದೂ ಸಿಗುವುದಿಲ್ಲ. ಆಗ ಜನ ಮನೆಗಳಲ್ಲೇ ಸೇರುತ್ತಿದ್ದರು. ನೋಡಲು ಸಿಗುವುದು ರೋಮನ್ನರ ಊರುಗಳು, ಮತ್ತೆ ನೂರಾರು ವರ್ಷ ಆದಮೇಲೆ ಕಟ್ಟಿದ ಚರ್ಚುಗಳ ಅವಶೇಷ. ನಮ್ಮ ಗುಂಪಿನಲ್ಲಿ ಕೆಲವರಿಗೆ ಇದು ಗೊತ್ತಿರಲಿಲ್ಲ, ಏಳರಲ್ಲೊಂದಾದ ಥುವತೈರದಲ್ಲಿ ಇಳಿದು "ಇಷ್ಟೇನಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಅದು ಈಗ ಅಖಿಸಾರ್ ಅನ್ನುವ ಪೇಟೆ. ನಡುವೆ ಬೇಲಿ ಹಾಕಿದ ಒಂದು ಸಣ್ಣ ಜಾಗ, ಸುತ್ತ ಅಂಗಡಿಗಳು. ಫಿಲದೆಲ್ಫಿಯದಲ್ಲೂ ಸಂತ ಯೊವಾನ್ನರ ಚರ್ಚಿನ ದಪ್ಪ ಕಂಬಗಳು ಬಿಟ್ಟರೆ ಹೆಚ್ಚೇನಿಲ್ಲ. ಇವೆರಡಕ್ಕೆ ಫೋಟೋ ಹೊಡೆಯುವಷ್ಟು ಹೊತ್ತು ಸಾಕು.

ಎಫೆಸ ಮಾತ್ರ ಬೇರೆಯೇ ಲೆಕ್ಕ, ಅಲ್ಲಿ ಅರ್ಧ ದಿನ ಇಲ್ಲದಿದ್ದರೆ ಹೋಗಿಯೂ ದಂಡ. ಎರಡು ಗೇಟ್ ಇವೆ. ಮೇಲಿನ ಗೇಟಲ್ಲಿ ಇಳಿಸಿ ಕೆಳಗಿನ ಗೇಟಲ್ಲಿ ಹತ್ತಿಸಿಕೊಳ್ಳಿ ಅಂತ ಮೊದಲೇ ಮಾತಾಡಿ, ಆಗ ಇಳಿಯುವುದಷ್ಟೇ, ಹತ್ತುವುದಿಲ್ಲ. ಆದರೆ ಹಾಸಿದ್ದೆಲ್ಲ ಅಮೃತಶಿಲೆ, ತುಳಿದು ತುಳಿದು ನುಣ್ಣಗಾಗಿ ಮಳೆಗಾಲದ ಪಾಚಿ ಮೆಟ್ಟಿಲಿನ ಹಾಗೆ ಜಾರುತ್ತದೆ, ಹಿಡಿತ ಇರುವ ಶೂ ಮತ್ತು ಕೋಲು ಬೇಕೇ ಬೇಕು. ಕೆಳಗೆ ದೊಡ್ಡ ಥಿಯೇಟರ್ ಇದೆ, ಸುಮಾರು 25,000 ಜನ ಕೂರುತ್ತಿದ್ದರಂತೆ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನ ಮಾತಿನಿಂದ ವ್ಯಾಪಾರ ಹಾಳಾಯಿತು ಅಂತ, ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುತ್ತಿದ್ದ ಬೆಳ್ಳಿ ಕೆಲಸದವರು ಗಲಾಟೆ ಎಬ್ಬಿಸಿದ್ದು ಅಲ್ಲೇ. ಬೈಬಲಿನ ಆ ಭಾಗ ಅಲ್ಲೇ ಕೂತು ಓದಿದೆವು, ಇಡೀ ಟೂರಿನಲ್ಲಿ ನನಗೆ ನೆನಪಲ್ಲಿ ಉಳಿದದ್ದು ಅದು. ಬೆಟ್ಟದ ಮೇಲಿನ ಮೇರಿಮಾತೆಯ ಮನೆಗೆ ಬಸ್ ಹೋಗುತ್ತದೆ, ನಡಿಗೆ ಕಡಿಮೆ.

ಕಪ್ಪಡೋಕಿಯಾ ಬೇಕಾದರೆ ವಿಮಾನದಲ್ಲಿ ಹೋಗಿ. ಲವೊದಿಕೀಯದ ಹತ್ತಿರದ ಪಮುಕ್ಕಲೆಯಿಂದ ಬಸ್ಸಲ್ಲಿ ಇಡೀ ದಿನ ಹೋಗಿಬಿಡುತ್ತದೆ, ಮಂಡಿ ಕಥೆ ಕೇಳಲೇಬೇಡಿ. ಅಲ್ಲಿನ ಡೆರಿಂಕುಯುವಿನ ನೆಲದಡಿಯ ಊರಿಗೆ ಅಮ್ಮನನ್ನು ಇಳಿಸಬೇಡಿ, ಬಗ್ಗಿಕೊಂಡೇ ನಡೆಯಬೇಕು. ಗೋರೆಮೆಯ ಬಂಡೆ ಚರ್ಚುಗಳು ಸಾಕು, ಗೋಡೆಯ ಚಿತ್ರಗಳು ತುಂಬಾ ಚೆನ್ನಾಗಿವೆ.

ಹಳೇಕಲ್ಲು_ಹುಚ್ಚ:
ನಾನು ಕ್ರೈಸ್ತ ಅಲ್ಲ, ಹಾಳು ಊರು ನೋಡುವ ಚಟ ಅಷ್ಟೇ. ಮೇಲಿನವರು ಏಳರಲ್ಲಿ ಇನ್ನೊಂದಾದ ಲವೊದಿಕೀಯ ನೋಡುವ ಬಗ್ಗೆ ಹೇಳದೆ ಬಿಟ್ಟುಬಿಟ್ಟರಲ್ಲ! ನನ್ನ ಪ್ರಕಾರ ಎಫೆಸದ ನಂತರ ಅದೇ. 2010ರಲ್ಲಿ ಅಲ್ಲಿ ನಾಲ್ಕನೇ ಶತಮಾನದ ದೊಡ್ಡ ಚರ್ಚ್ ಪತ್ತೆಯಾಯಿತು, ಈಗ ಮೇಲೆ ಮಾಡು ಹಾಕಿ, ಗಾಜಿನ ದಾರಿಯ ಮೇಲೆ ನಿಂತು ಕೆಳಗಿನ ಮೊಸಾಯಿಕ್ (ಬಣ್ಣದ ಕಲ್ಲುಚೂರು ಜೋಡಿಸಿದ ಚಿತ್ತಾರ) ನೋಡುವ ಹಾಗೆ ಮಾಡಿದ್ದಾರೆ. ಊರಿಗೆ ನೀರು ತಂದ ಕಲ್ಲಿನ ಪೈಪುಗಳೂ ಇವೆ, ಒಳಗೆಲ್ಲ ಸುಣ್ಣ ಕಟ್ಟಿಕೊಂಡಿದೆ. "ನೀನು ಬಿಸಿಯೂ ಅಲ್ಲ ತಣ್ಣಗೂ ಅಲ್ಲ" ಅಂತ ಪ್ರಕಟನೆಯಲ್ಲಿ ಆ ಸಭೆಗೆ ಬೈದದ್ದು ಉಗುರುಬೆಚ್ಚಗಿದ್ದ ಈ ನೀರನ್ನು ನೋಡಿಯೇ ಅಂತ ಗೈಡುಗಳು ಹೇಳುತ್ತಾರೆ. ಎದುರು ಬೆಟ್ಟದ ಹೈರಾಪೊಲಿಸಿನಲ್ಲಿ ಬಿಸಿನೀರ ಬುಗ್ಗೆ ಇರುವುದಂತೂ ನಿಜ.

ಇಜ್ನಿಕ್ ಬಗ್ಗೆ: ಅದೇ ಹಳೆಯ ನೈಸಿಯ, 325ರಲ್ಲಿ ಬಿಷಪರ ಮಹಾಸಭೆ ನಡೆದ ಊರು. 1700 ವರ್ಷ ಆಯಿತು ಅಂತ ಪೋಪ್ ಲಿಯೋ 2025ರ ನವೆಂಬರಿನಲ್ಲಿ ಅಲ್ಲಿಗೆ ಹೋಗಿದ್ದರು. ಸರೋವರದಲ್ಲಿ ಮುಳುಗಿದ್ದ ಚರ್ಚಿನ ಪಾಯ ಇದೆ. ಅದು ಸಭೆ ನಡೆದ ಕಟ್ಟಡ ಅಂತ ಯಾರಾದರೂ ಅಂದರೆ ನಂಬಬೇಡಿ, ಅದು ಸಭೆಯ ನಂತರದ್ದು.

ಏಜೆಂಟನ ಹತ್ತಿರ ಚರ್ಮದ ಅಂಗಡಿ, ಕಾರ್ಪೆಟ್ ಅಂಗಡಿ ಎಷ್ಟು ಸಲ ಅಂತ ಬರೆಸಿಕೊಳ್ಳಿ. ನಮ್ಮನ್ನು ಕರೆದೊಯ್ದವರು ಏಳರಲ್ಲೊಂದಾದ ಸಾರ್ದಿಸಿಗೆ ಸುಮ್ನೆ ಒಂದು ಗಳಿಗೆ ಕೊಟ್ಟು, ಚರ್ಮದ ಜಾಕೆಟ್ ತೋರಿಸಲು ಅದರ ಎರಡು ಪಟ್ಟು ಹೊತ್ತು ಕೂರಿಸಿದರು. ಸಾರ್ದಿಸಿನಲ್ಲಿ ಗ್ರೀಕ್ ದೇವಿ ಆರ್ಟೆಮಿಸ್ ಗುಡಿಯ ಮೂಲೆಗೇ ಅಂಟಿಕೊಂಡು ಒಂದು ಪುಟ್ಟ ಚರ್ಚ್ ಇದೆ, ಅದನ್ನೂ ಸರಿಯಾಗಿ ನೋಡಲಾಗಲಿಲ್ಲ. ಇವತ್ತಿಗೂ ಸಿಟ್ಟು ಬರುತ್ತದೆ.

ವಿರಾಜಪೇಟೆ_ಮಳೆ:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಕಪ್ಪಡೋಕಿಯಾ ತೆಗೆದುಬಿಟ್ಟು ಎಫೆಸ, ಲವೊದಿಕೀಯಕ್ಕೆ ದಿನ ಜಾಸ್ತಿ ಕೇಳುತ್ತೇನೆ. ಅಲ್ಲಿ ಬಲೂನ್ ಹತ್ತಬೇಕು ಅಂತ ಕುಣಿಯುತ್ತಿರುವ ಭಾವನಿಗೆ ಹೇಗೆ ಹೇಳುವುದೋ! ತಿಂಗಳು ಯಾವುದು ಅಂತ ಯಾರೂ ಹೇಳಲಿಲ್ಲ.

ಮಾಕುಟ್ಟ_ದಾರಿ:
ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ. ರೋಬಸ್ಟಾ ಕೊಯ್ಲು, ಹೂಮಳೆ ಎಲ್ಲ ಮುಗಿದಿರುತ್ತದೆ, ಇಲ್ಲಿ ಮಳೆ ಹಿಡಿಯುವ ಮುಂಚೆ ವಾಪಸ್ ಬರಬಹುದು. ಮದುವೆಗಳು ತಪ್ಪುತ್ತವೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಜುಲೈ ಆಗಸ್ಟಿನಲ್ಲಿ ಅಲ್ಲಿ ಬಿಸಿಲು ಸುಡುತ್ತದೆ, ಹಾಳು ಊರುಗಳಲ್ಲಿ ನೆರಳೇ ಇಲ್ಲ. ಊಟಕ್ಕೆ ಬೇಳೆ ಸೂಪು, ಬ್ರೆಡ್ಡು, ಮೊಸರು ಎಲ್ಲ ಕಡೆ ಸಿಗುತ್ತದೆ. ಪಂದಿಕರಿ ಆಸೆ ಬಿಟ್ಟುಬಿಡಿ.

ಮೂಲದಲ್ಲಿ ಚರ್ಚ್ ಆಗಿದ್ದ ಇಸ್ತಾಂಬುಲಿನ ಹಗಿಯಾ ಸೋಫಿಯಾ 2020ರಿಂದ ಮತ್ತೆ ಮಸೀದಿ. 2024ರಿಂದ ಪ್ರವಾಸಿಗರಿಗೆ ಟಿಕೆಟ್, ಅದೂ ಮೇಲಿನ ಗ್ಯಾಲರಿ ಮಾತ್ರ. ಹತ್ತುವ ದಾರಿ ಇರುವುದರಿಂದ ಅಮ್ಮನನ್ನು ನಿಧಾನವಾಗಿ ಹತ್ತಿಸಿ, ಹಳೆಯ ಯೇಸುವಿನ ಮೊಸಾಯಿಕ್ ಇರುವುದು ಆ ಗ್ಯಾಲರಿಯಲ್ಲೇ. ತಲೆಗೆ ಶಾಲು ಇರಲಿ.

ಇನ್ನೊಂದು ಮಾತು. ಟರ್ಕಿ ದುಡ್ಡು ಜಾಸ್ತಿ ಆಯಿತು ಅನ್ನುವವರು ನಿಮ್ಮ ಗುಂಪಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕೇರಳ ಹೇಳಿ. ಯೇಸುವಿನ ಶಿಷ್ಯ ಸಂತ ತೋಮರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದಿಳಿದರು ಅನ್ನುವುದು ಅಲ್ಲಿಯವರ ನಂಬಿಕೆ. ಅಲ್ಲಿನ ಚರ್ಚ್ ಕಟ್ಟಡಗಳು ಈಚಿನವು, ಆದರೆ ಹತ್ತಿರದ ಪಟ್ಟಣಂ ಅಗೆತದಲ್ಲಿ ರೋಮನ್ ಮಡಕೆ ಚೂರುಗಳು ಸಿಕ್ಕಿವೆ. ಕೋಟ್ಟಯಂ ವಲಿಯಪಳ್ಳಿ ಚರ್ಚಿನಲ್ಲಿ ಪಹ್ಲವಿ (ಹಳೆಯ ಪರ್ಷಿಯಾದ ಲಿಪಿ) ಅಕ್ಷರ ಕೆತ್ತಿದ ಹಳೆಯ ಶಿಲುಬೆ ಇದೆ. ಮಾಕುಟ್ಟ ಘಾಟಿ ಇಳಿದು ಕಣ್ಣೂರಲ್ಲಿ ರೈಲು ಹಿಡಿದರೆ ಆಯಿತು, ವೀಸಾನೂ ಬೇಡ. ನಿಮ್ಮ ಭಾವನಿಗೆ ಅಲ್ಲಿ ಬೋಟ್ ಹತ್ತಿಸಿ.