1219ನೇ ರೂಮು: ಸುರೇಶ್ ಮಾವನ ಫಾರ್ವರ್ಡಿಗೆ ಬಿದ್ದ ಪೆಟ್ಟು

ಗ್ರೂಪ್: ನಮ್ಮ ಹೊಸಮನೆ ಬಳಗ

ಸುರೇಶ್ ಮಾವ: (ಫಾರ್ವರ್ಡ್) ಹಾಲಿವುಡ್ಡಿನ ಕರಾಳ ಸತ್ಯ!! 1921ರಲ್ಲಿ ಜಗತ್ತನ್ನೇ ನಗಿಸುತ್ತಿದ್ದ ದಢೂತಿ ನಟ ಫ್ಯಾಟಿ ಆರ್ಬಕಲ್, ಹೋಟೆಲ್ ರೂಮಿನಲ್ಲಿ ನಟಿ ವರ್ಜೀನಿಯಾ ರಾಪೇಯನ್ನು ಬಾಟಲಿಯಿಂದ ಹಿಂಸಿಸಿ ಕೊಂದ. ದುಡ್ಡು ಚೆಲ್ಲಿ ಪಾರಾದ. ಯಾವ ಚಾನೆಲ್ಲೂ ತೋರಿಸಲ್ಲ. ಹತ್ತು ಜನಕ್ಕೆ ಕಳಿಸಿ.

ವತ್ಸಲ ಅತ್ತೆ: ರೀ, ಬೆಳಿಗ್ಗೆ ಬೆಳಿಗ್ಗೆ ಇದೇನ್ರೀ, ಮಕ್ಕಳಿರೋ ಗ್ರೂಪಲ್ಲಿ.

ರಾಘು: ಮಾವ, ಇದು ನೂರು ವರ್ಷ ಹಳೇ ಸುಳ್ಳು. ಅವನನ್ನ ಕೋರ್ಟು ನಿರ್ದೋಷಿ ಅಂತ ಬಿಟ್ಟಿದೆ.

ಸುರೇಶ್ ಮಾವ: ಬಿಡದೆ ಏನ್ಮಾಡ್ತಾರಪ್ಪ. ದುಡ್ಡಿದ್ದೋನು.

ನಂದಿನಿ: ಮಾವ, ಒಂದಲ್ಲ, ಮೂರು ಸಲ ವಿಚಾರಣೆ ಆಗಿದೆ. ಮೊದಲನೇ ಸಲ ತೀರ್ಪು ಹೇಳೋ ಹನ್ನೆರಡು ಜನರ ಜ್ಯೂರಿಯಲ್ಲಿ ಹತ್ತು ಜನ ಬಿಡಬೇಕು ಅಂದ್ರು, ಇಬ್ಬರು ಒಪ್ಪಲಿಲ್ಲ. ಎರಡನೇ ಸಲ ಪೂರ್ತಿ ಉಲ್ಟಾ, ಹೆಚ್ಚಿನವರು ಶಿಕ್ಷೆ ಆಗಲಿ ಅಂದ್ರು. ಆಗಲೂ ಒಮ್ಮತ ಬರಲಿಲ್ಲ. ಕೊಲೆ ಆರೋಪವಂತೂ ಮೊದಲೇ ಬಿದ್ದುಹೋಗಿತ್ತು. ಕೊಲ್ಲೋ ಉದ್ದೇಶ ಇಲ್ಲದೆ ಸಾವಿಗೆ ಕಾರಣ ಆದ ಅನ್ನೋದಷ್ಟೇ ಕೇಸು.

ನಂದಿನಿ: 1922ರ ಏಪ್ರಿಲ್ 12ಕ್ಕೆ ಮೂರನೇ ಜ್ಯೂರಿ ಒಳಗೆ ಹೋಗಿ ಬಂದದ್ದು ಐದಾರು ನಿಮಿಷದಲ್ಲಿ. ಅದರಲ್ಲೂ ಹೆಚ್ಚಿನ ಹೊತ್ತು ಹೋದದ್ದು ಒಂದು ಹೇಳಿಕೆ ಬರೆಯೋಕೆ. ಬರೀ ಬಿಡುಗಡೆ ಸಾಲದು, ಈತನಿಗೆ ದೊಡ್ಡ ಅನ್ಯಾಯ ಆಗಿದೆ ಅಂತ ಬರೆದುಕೊಟ್ರು. ನನ್ನ ವಕೀಲಿಕೆಯಲ್ಲಿ ಅಂಥ ಜ್ಯೂರಿಯನ್ನ ಎಲ್ಲೂ ಕೇಳಿಲ್ಲ.

ಸುರೇಶ್ ಮಾವ: ಬೆಂಕಿ ಇಲ್ದೆ ಹೊಗೆ ಬರುತ್ತೇನಮ್ಮ?

ರಾಘು: ಇಲ್ಲಿ ಹೊಗೆ ಹಾಕಿದೋರು ಪೇಪರಿನವರು ಮಾವ. ಆಗಿನ ದೊಡ್ಡ ಪತ್ರಿಕಾ ಮಾಲೀಕ ಹರ್ಸ್ಟ್‌ನ ಪೇಪರ್ ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್‌ನಲ್ಲಿ ಅವನನ್ನ ಜೇಡನ ಬಲೆ ಮಧ್ಯೆ ಕೂರಿಸಿ, ಸುತ್ತ ಹೆಣ್ಣುಮಕ್ಕಳು ಸಿಕ್ಕಿಬಿದ್ದ ಹಾಗೆ ಚಿತ್ರ ಹಾಕಿದ್ರು. ವಿಚಾರಣೆ ಶುರುವಾಗೋಕೆ ಮೊದಲೇ!

ಪವನ: ಆ ಹೋಟೆಲ್ ಇನ್ನೂ ಇದೆ, ಸೇಂಟ್ ಫ್ರಾನ್ಸಿಸ್. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಯೂನಿಯನ್ ಸ್ಕ್ವೇರ್ ಎದುರಿಗೇ. ಪೊವೆಲ್ ರಸ್ತೆಯ ಕೇಬಲ್ ಕಾರ್ ಅದರ ಬಾಗಿಲಲ್ಲೇ ಗಂಟೆ ಬಾರಿಸ್ಕೊಂಡು ಹೋಗುತ್ತೆ. ಹನ್ನೆರಡನೇ ಫ್ಲೋರಲ್ಲಿ ಮೂರು ರೂಮ್ ತಗೊಂಡಿದ್ರಂತೆ, 1219, 1220, 1221.

ವತ್ಸಲ ಅತ್ತೆ: ಪವನ, ನೀನು ಅಲ್ಲೆಲ್ಲ ಹೋಗಬೇಡ.

ಪವನ: ಅತ್ತೆ, ನನ್ನ ಸಂಬಳಕ್ಕೆ ಆ ಹೋಟೆಲಿನ ಕಾಫಿಯೂ ಸಿಗಲ್ಲ 😄

ಶ್ರೀಧರ ಚಿಕ್ಕಪ್ಪ: ಬಾಟಲಿ ವಿಷಯ ಏನು ಹಾಗಾದ್ರೆ? ನಾವು ಕಾಲೇಜಲ್ಲಿದ್ದಾಗಲೂ ಕೇಳಿದ್ವಿ.

ನಂದಿನಿ: ಕೋರ್ಟಿನಲ್ಲಿ ಬಾಟಲಿ ಬಂದೇ ಇಲ್ಲ ಚಿಕ್ಕಪ್ಪ. ಬಂದದ್ದು ಐಸು. ಅವಳು ನೋವಿಂದ ನರಳ್ತಾ ಇದ್ದಾಗ ಮೈಮೇಲೆ ಐಸ್ ಇಟ್ಟ ಅನ್ನೋ ಮಾತು. ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ ಐಸು ಬಾಟಲಿ ಆಯ್ತು. ಅವಳು ಸತ್ತದ್ದು ಮೂತ್ರಕೋಶ ಒಡೆದು ಹೊಟ್ಟೆಯೊಳಗೆ ನಂಜಾಗಿ. ಪಾರ್ಟಿ ನಡೆದದ್ದು ಸೆಪ್ಟೆಂಬರ್ 5, ಸತ್ತದ್ದು 9. ಹೋಟೆಲಿನ ಡಾಕ್ಟರು ಕುಡಿದಿದ್ದಾಳೆ ಅಂದುಬಿಟ್ಟ. ಕೂಡಲೇ ಆಸ್ಪತ್ರೆಗೆ ಸೇರಿಸದೆ ರೂಮಲ್ಲೇ ಮಲಗಿಸಿದ್ರು. ನನಗೆ ಹೊಟ್ಟೆ ಉರಿಯೋದು ಇದಕ್ಕೆ.

ರಾಘು: ಮತ್ತೆ ವರ್ಜೀನಿಯಾ ಜೊತೆ ಪಾರ್ಟಿಗೆ ಬಂದು, ಆಮೇಲೆ ಅವನ ಮೇಲೆ ದೂರು ಕೊಟ್ಟ ಮಾಡ್ ಡೆಲ್ಮಾಂಟ್? ಇಡೀ ಕೇಸ್ ನಿಂತಿದ್ದೇ ಅವಳ ಮಾತಿನ ಮೇಲೆ. ಸರ್ಕಾರಿ ವಕೀಲ ಬ್ರೇಡಿ ಮೂರು ವಿಚಾರಣೆಯಲ್ಲೂ ಅವಳನ್ನ ಸಾಕ್ಷಿಕಟ್ಟೆ ಹತ್ತಿಸಲೇ ಇಲ್ಲ. ಹತ್ತಿಸಿದ್ರೆ ಪಾಟೀಸವಾಲಿಗೆ ಉಳೀತಿರಲಿಲ್ಲ. ಇನ್ನು ಆ ವರ್ಜೀನಿಯಾ ಬಗ್ಗೆ ಕೇಳಿದ್ರೆ ಗೊತ್ತಾಗುತ್ತೆ. ಕುಡಿದ್ರೆ ಪಾರ್ಟಿಗಳಲ್ಲಿ ಬಟ್ಟೆ ಹರ್ಕೊಳ್ತಿದ್ಳಂತೆ, ಅದೂ ಇದೂ…

ನಂದಿನಿ: ರಾಘು, ನಿಲ್ಲಿಸು. ಈಗ ನೀನು ಮಾಡ್ತಿರೋದೇನು? ಮಾವ ಕಳಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ರಾಘು: ಅಕ್ಕ, ಕೋರ್ಟಲ್ಲೇ ಸಾಕ್ಷಿಗಳು ಹೇಳಿದ್ದು ಕಣೇ.

ನಂದಿನಿ: ಯಾರ ಪರ ಸಾಕ್ಷಿಗಳು? ಅವನ ವಕೀಲರು ಕರ್ಕೊಂಡು ಬಂದವರು. ಮೂರನೇ ವಿಚಾರಣೆಯಲ್ಲಿ ಅವಳ ಹಳೇ ಬದುಕನ್ನೆಲ್ಲ ಬೀದಿಗೆಳೆದ್ರು. ಉತ್ತರ ಕೊಡೋಕೆ ಅವಳಿರಲಿಲ್ಲ. ಮಾಡೆಲಿಂಗ್ ಮಾಡ್ತಾ, ಬಟ್ಟೆ ಡಿಸೈನ್ ಮಾಡ್ತಾ ತನ್ನ ದುಡಿಮೆಯಲ್ಲಿ ಬದುಕಿದ್ದ ಹುಡುಗಿ. ಅವನು ತಪ್ಪು ಮಾಡಿಲ್ಲ ಅನ್ನೋಕೆ ಅವಳನ್ನ ಕೆಟ್ಟವಳು ಅನ್ನಲೇಬೇಕಾ? ಎರಡನ್ನೂ ಗಂಟು ಹಾಕೋದು ಯಾಕೆ?

ವತ್ಸಲ ಅತ್ತೆ: ನಂದಿನಿ ಹೇಳೋದು ಸರಿ. ಸತ್ತ ಹೆಣ್ಣಿನ ನಡತೆ ಎಲ್ಲರಿಗೂ ಬೇಕು.

ರಾಘು: ಸರಿ, ಆ ಮಾತು ಬಿಟ್ಟೆ. ಆದ್ರೆ ಅವನ ಬಾಳು ಹಾಳಾಗಿದ್ದು ಸುಳ್ಳಾ? ಬಿಡುಗಡೆ ಆದ ಆರೇ ದಿನಕ್ಕೆ ವಿಲ್ ಹೇಸ್ ಅವನ ಪಿಕ್ಚರುಗಳನ್ನ ಬ್ಯಾನ್ ಮಾಡಿದ. ಆ ಹೇಸ್ ಯಾರು ಗೊತ್ತಾ, ಸ್ಟುಡಿಯೋದವರು ತಮ್ಮ ಮಾನ ಉಳಿಸ್ಕೊಳ್ಳೋಕೆ ಅಂತ ಅದೇ ವರ್ಷ ನೇಮಿಸ್ಕೊಂಡಿದ್ದ ಮಾಜಿ ಅಂಚೆ ಮಂತ್ರಿ. ಡಿಸೆಂಬರಿಗೆ ಬ್ಯಾನ್ ತೆಗೆದ್ರೂ ಯಾರೂ ಕರೀಲಿಲ್ಲ. ಆಮೇಲೆ ವಿಲಿಯಂ ಗುಡ್‌ರಿಚ್ ಅನ್ನೋ ಹೆಸರಲ್ಲಿ ಡೈರೆಕ್ಷನ್ ಮಾಡ್ಕೊಂಡಿದ್ದ. ಹಾಸ್ಯನಟ ಬಸ್ಟರ್ ಕೀಟನ್‌ಗೆ 1917ರಲ್ಲಿ ಸಿನಿಮಾದಲ್ಲಿ ಮೊದಲ ಅವಕಾಶ ಕೊಟ್ಟವನು ಇವನೇ. ಕೀಟನ್ ಕೊನೇವರೆಗೂ ಕೈ ಬಿಡಲಿಲ್ಲ.

ಶ್ರೀಧರ ಚಿಕ್ಕಪ್ಪ: ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಅದೇ. ಮದ್ರಾಸಲ್ಲಿ ತಮಿಳು ಸಿನಿಮಾದ ದೊಡ್ಡ ನಟ-ಗಾಯಕ ತ್ಯಾಗರಾಜ ಭಾಗವತರ್‌ಗೂ ಹೀಗೇ ಆಯ್ತು. ಗಾಸಿಪ್ ಪತ್ರಿಕೆ ನಡೆಸ್ತಿದ್ದ ಲಕ್ಷ್ಮೀಕಾಂತನ್ ಕೊಲೆ ಕೇಸು, 1944. ಲಂಡನ್ನಿನ ಮೇಲ್ಮನವಿ ಕೋರ್ಟು ಪ್ರಿವಿ ಕೌನ್ಸಿಲ್ ತನಕ ಹೋಗಿ 1947ರಲ್ಲಿ ಹೊರಗೆ ಬಂದ್ರು. ಆ ಹಳೇ ವೈಭವ ಮತ್ತೆ ಬರಲಿಲ್ಲ. ಸುರೇಶ ಭಾವ, ಅದನ್ನ ಡಿಲೀಟ್ ಮಾಡಿ.

ಸುರೇಶ್ ಮಾವ: ನಾನೇನು ಬರೆದದ್ದಾ? ಬಂದದ್ದನ್ನ ಕಳಿಸಿದೆ ಅಷ್ಟೇ.

ನಂದಿನಿ: ಹರ್ಸ್ಟ್ ಪೇಪರ್ ಮಾರೋ ಹುಡುಗರೂ ಹಾಗೇ ಅಂದಿರಬೇಕು ಮಾವ.

ವತ್ಸಲ ಅತ್ತೆ: 😂😂

ಸುರೇಶ್ ಮಾವ: ಆಯ್ತಮ್ಮ. ಒಂದು ಹೇಳು, ಗೂಗಲ್‌ನಲ್ಲಿ ಈಗ ನೋಡಿದೆ. ಏನೂ ತಪ್ಪು ಮಾಡದವನು 500 ಡಾಲರ್ ದಂಡ ಕಟ್ಟಿದ್ದು ಯಾಕೆ?

ನಂದಿನಿ: ಅದು ಮದ್ಯದ್ದು. ಆಗ ಅಮೆರಿಕಾದಲ್ಲಿ ಪಾನನಿಷೇಧ, ಪಾರ್ಟಿಯಲ್ಲಿ ಹೆಂಡ ಇತ್ತು.

ಸುರೇಶ್ ಮಾವ: ನೋಡಿದ್ಯಾ! ಏನೋ ಒಂದು ಇತ್ತು ಅಂತ ನಾನು ಆಗ್ಲೇ ಹೇಳ್ಲಿಲ್ವಾ.

(ಸುರೇಶ್ ಮಾವ ಒಂದು ಸಂದೇಶವನ್ನು ಅಳಿಸಿದ್ದಾರೆ)

ಸುರೇಶ್ ಮಾವ: (ಫಾರ್ವರ್ಡ್) 1922, ಡೈರೆಕ್ಟರ್ ವಿಲಿಯಂ ಡೆಸ್ಮಂಡ್ ಟೇಲರ್ ಕೊಲೆ. ಕೊಂದವರು ಯಾರು? ಬೆಚ್ಚಿಬೀಳಿಸುವ ಸತ್ಯ!!

ವತ್ಸಲ ಅತ್ತೆ: ರೀ!!