ಮನೆಯಲ್ಲಿ ಕನ್ನಡಕ್ಕೊಂದು ಕೆಲಸ ಕೊಡಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಅಬುಧಾಬಿಯ ಅಕ್ಕ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ನಾವು ಕನ್ನಡದಲ್ಲಿ ಮಾತಾಡಿಸಿದರೂ ಮಗ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ, ಏನು ಮಾಡಲಿ ಅಂತ ಅವರು ಕೇಳಿದ್ದರು. ಹೆಚ್ಚಿನವರ ಸಲಹೆ ಒಂದೇ: ಮನೆಯೊಳಗೆ ಬೇರೆ ಭಾಷೆಯೇ ಬೇಡ, ಕನ್ನಡದಲ್ಲಿ ಕೇಳದಿದ್ದರೆ ಕೇಳಿದ್ದನ್ನು ಕೊಡಬೇಡಿ. ಕಾಳಜಿಯಿಂದಲೇ ಹೇಳಿದ ಮಾತು, ಆದರೆ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಕಾಸರಗೋಡಿನವಳು. ಪೆರ್ಲದಿಂದ ಒಳಗೆ ನಮ್ಮ ಮನೆ, ಮನೆಯ ಮಾತು ತುಳು. ಪಕ್ಕದ ತೋಟದ ಭಟ್ಟರ ಮನೆಯಲ್ಲಿ ಹವ್ಯಕ, ಗುಡ್ಡದ ಆಚೆ ಮರಾಟಿ ನಾಯ್ಕರ ಮನೆಯಲ್ಲಿ ಮರಾಟಿ, ಪೇಟೆಯ ಅಂಗಡಿಯಲ್ಲಿ ಬ್ಯಾರಿ ಭಾಷೆ, ಕಾಸರಗೋಡಿನ ಬಸ್ಸು ಹತ್ತಿದರೆ ಮಲಯಾಳ. ಈ ಎಲ್ಲ ಮನೆಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದಿದ್ದು ಕನ್ನಡ ಮಾಧ್ಯಮದಲ್ಲಿ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಜಾರಿಗೆ ಬರಲಿಲ್ಲ. ಆಮೇಲೆ ಹುಟ್ಟಿದ ನಾವೆಲ್ಲ ಕೇರಳದ ಪಾಠವನ್ನೇ ಕನ್ನಡದಲ್ಲಿ ಓದಿ ಎಸ್ಸೆಸ್ಸೆಲ್ಸಿ ಬರೆದವರು. ನಾನು ಈಗ ಇರುವ ಶಾರ್ಜಾದ ಸಮಾರಂಭಗಳಲ್ಲಿ ಪಾಸ್‌ಪೋರ್ಟಿನ ಸಂಗತಿ ಬಂದಾಗ "ನೀವು ಕೇರಳದವರಾ? ಇಷ್ಟು ಒಳ್ಳೆಯ ಕನ್ನಡ ಹೇಗೆ?" ಅಂತ ಎಷ್ಟೋ ಜನ ಕೇಳಿದ್ದಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರದಲ್ಲೇ ಅಬುಧಾಬಿಯ ಅಕ್ಕನಿಗೂ ಉತ್ತರ ಉಂಟು ಅಂತ ನನ್ನ ನಂಬಿಕೆ.

ನಮ್ಮ ಊರಲ್ಲಿ ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವವರು ತೀರ ಕಡಿಮೆ. ಆದರೂ ಕನ್ನಡ ಉಳಿಯಿತು, ಯಾಕೆಂದರೆ ಅದಕ್ಕೆ ಮಾಡಲು ಕೆಲಸ ಇತ್ತು. ಅಪ್ಪನ ಅಡಿಕೆ ಲೆಕ್ಕದ ಪುಸ್ತಕ ಕನ್ನಡದಲ್ಲಿ. ಯಾವ ದಿನ ಎಷ್ಟು ಕೊನೆ ತೆಗೆದದ್ದು, ಯಾರಿಗೆ ಎಷ್ಟು ಸಂಬಳ ಕೊಟ್ಟದ್ದು ಎಲ್ಲ ಅದರಲ್ಲಿ. ಬೊಂಬಾಯಿಯ ಮಾವನ ಕಾಗದ ಕನ್ನಡದಲ್ಲಿ, ಮದುವೆಯ ಕಾಗದ ಕನ್ನಡದಲ್ಲಿ, ಭಜನೆ ಕನ್ನಡದಲ್ಲಿ. ಬೆಳಗ್ಗಿನ ಉದಯವಾಣಿಯನ್ನು ಅಜ್ಜ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು, ಓದಿದ ಸುದ್ದಿಯ ಬಗ್ಗೆ ತುಳುವಿನಲ್ಲಿ ಬೈಯುತ್ತಿದ್ದರು. ವಿಲೇಜ್ ಆಫೀಸಿನಿಂದ ಮಲಯಾಳದ ನೋಟಿಸು ಬಂದರೆ ಓದಿಸಿಕೊಳ್ಳಲು ಬೇರೆಯವರ ಮನೆಗೆ ಹೋಗುವುದು. ತುಳು ಮಾತಾಡಬೇಡ, ಕನ್ನಡ ಹೋಗುತ್ತದೆ ಅಂತ ಯಾರೂ ಹೇಳಲಿಲ್ಲ. ಒಂದು ಭಾಷೆ ಇನ್ನೊಂದರ ಜಾಗ ಕಿತ್ತುಕೊಳ್ಳುತ್ತದೆ ಎಂಬ ಹೆದರಿಕೆಯೇ ಇರಲಿಲ್ಲ.

ಈಗ ಅದೇ ಊರಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮಲಯಾಳ ಬಂದು ನೂಕಿದ್ದಕ್ಕಿಂತ ಹೆಚ್ಚಾಗಿ ಕನ್ನಡದ ಕೆಲಸಗಳು ಒಂದೊಂದಾಗಿ ಇಂಗ್ಲಿಷಿಗೆ ಮತ್ತು ಫೋನಿಗೆ ಹೋದದ್ದೇ ಕಾರಣ ಅಂತ ನನಗೆ ಕಾಣುತ್ತದೆ. ಕಾಗದ ಬರೆಯುವವರಿಲ್ಲ, ಲೆಕ್ಕ ಫೋನಿನಲ್ಲಿ, ಪೇಪರನ್ನು ಗಟ್ಟಿಯಾಗಿ ಓದುವ ಅಜ್ಜ ಈಗಿಲ್ಲ.

ಹಾಗಾಗಿ ಶಾರ್ಜಾದ ನಮ್ಮ ಮನೆಯಲ್ಲಿ ಇಂಗ್ಲಿಷಿಗೆ ನಿಷೇಧ ಇಲ್ಲ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಇಲ್ಲಿಯ ಕಾನೂನಿನ ಪ್ರಕಾರ ಅರಬ್ಬಿ. ಕಟ್ಟಡದ ಗೆಳೆಯರೆಲ್ಲ ಮಲಯಾಳಿಗಳು. ನಮ್ಮೊಳಗೆ ತುಳು. ಇಷ್ಟರ ನಡುವೆ "ಕನ್ನಡ ಮಾತಾಡು" ಅಂದರೆ ಮಗುವಿಗೆ ಅದು ಇನ್ನೊಂದು ಹೋಂವರ್ಕ್. ಅದರ ಬದಲು, ಕನ್ನಡ ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬಂಥ ಕೆಲವು ಕೆಲಸಗಳನ್ನು ಮನೆಯಲ್ಲಿ ಹುಟ್ಟಿಸಿದೆವು.

ಮೊದಲನೆಯದು ಸಾಮಾನಿನ ಚೀಟಿ. ನಮ್ಮ ಕಟ್ಟಡದ ಕೆಳಗಿನ ಗ್ರೋಸರಿಯ ಕಾಕ ನಮ್ಮ ಕಾಸರಗೋಡಿನ ಕಡೆಯ ಉಪ್ಪಳದವರು, ಕನ್ನಡ ಮಾಧ್ಯಮದಲ್ಲಿ ಕಲಿತವರು. ವಾರದ ಚೀಟಿಯನ್ನು ಮಗಳು ಕನ್ನಡದಲ್ಲಿ ಬರೆದು ಫೋಟೋ ತೆಗೆದು ಅವರಿಗೆ ಕಳಿಸಬೇಕು. ಕುಚ್ಚಲಕ್ಕಿ, ತೆಂಗಿನಕಾಯಿ, ಕಾಯಿಮೆಣಸು, ಕರಿಬೇವಿನ ಸೊಪ್ಪು, ತೊಂಡೆಕಾಯಿ. ಒಮ್ಮೆ "ಬೇಳೆ" ಅಂತ ಮಾತ್ರ ಬರೆದು ಕಳಿಸಿದ್ದಳು. ಕಾಕ ಫೋನ್ ಮಾಡಿ "ಯಾವ ಬೇಳೆ ಮಗಳೇ, ತೊಗರಿಯಾ ಹೆಸರಾ? ಸರಿಯಾಗಿ ಬರೆದು ಕಳಿಸು" ಅಂದರು. ಅವಳು ಮತ್ತೆ ಬರೆದು ಕಳಿಸಿದಳು. ನಾನು ಎಷ್ಟು ತಿದ್ದಿದರೂ ಬಾರದ ಶ್ರದ್ಧೆ ಆ ಒಂದು ಫೋನಿನಿಂದ ಬಂತು. ತಾನು ಬರೆದದ್ದನ್ನು ಮನೆಯ ಹೊರಗಿನವರೊಬ್ಬರು ಓದುತ್ತಾರೆ, ತಪ್ಪಾದರೆ ಬೇರೆ ಸಾಮಾನು ಬರುತ್ತದೆ ಎಂಬುದು ಮಗುವಿಗೆ ದೊಡ್ಡ ಸಂಗತಿ. ನಿಮ್ಮ ಕಡೆಯೂ ಉಪ್ಪಳ, ಕುಂಬಳೆ, ಮಂಜೇಶ್ವರದವರ ಅಂಗಡಿ ಇದ್ದರೆ ಕೇಳಿ ನೋಡಿ. ಖುಷಿಯಿಂದ ಒಪ್ಪುತ್ತಾರೆ.

ಎರಡನೆಯದು ಅಜ್ಜಿಯ ಜೊತೆ ಅಡುಗೆ. ಪತ್ರೊಡೆಯ ಹಿಟ್ಟಿಗೆ ಏನೇನು ಎಷ್ಟೆಷ್ಟು ಅಂತ ಅಜ್ಜಿ ವಾಯ್ಸ್ ಮೆಸೇಜಿನಲ್ಲಿ ತುಳುವಿನಲ್ಲಿ ಹೇಳುತ್ತಾರೆ. ಮಗಳು ಅದನ್ನು ಕೇಳಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ. ಅಕ್ಕಿ ನೆನೆಹಾಕುವುದು, ಹುಣಸೆ ಹುಳಿ, ಕೊತ್ತಂಬರಿ, ಒಣಮೆಣಸು, ಕೆಸುವಿನ ಎಲೆಯ ನಾರು ತೆಗೆದು ಹಿಟ್ಟು ಹಚ್ಚಿ ಸುತ್ತುವುದು. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬರೆಯುವುದು ನಮ್ಮೂರಿನ ಶಾಲೆಗಳಲ್ಲಿ ನಾವೆಲ್ಲ ದಿನಾ ಮಾಡಿದ ಕೆಲಸವೇ. ಅಡುಗೆ ಪುಸ್ತಕ ಈಗ ಅವಳದ್ದೇ. ನಾನು ಉಪ್ಪು ಎಷ್ಟು ಅಂತ ಅವಳನ್ನು ಕೇಳುತ್ತೇನೆ.

ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಕೀಬೋರ್ಡನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ. ಮಗು ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಯೋಚಿಸುತ್ತದೆ, ಕನ್ನಡದ ಅಕ್ಷರ ಕಣ್ಣ ಮುಂದೆ ಹಾದು ಹೋಗುತ್ತದೆ ಅಷ್ಟೆ. ನೇರವಾಗಿ ಕನ್ನಡ ಅಕ್ಷರಗಳೇ ಕಾಣುವ ಕೀಬೋರ್ಡ್ ಹಾಕಿಕೊಡಿ. ಮೊದಲು ನಿಧಾನ, ಆಮೇಲೆ ಒತ್ತಕ್ಷರ ಹೇಗೆ ಕೂಡುತ್ತದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಮಗನಿಗೆ ಅಕ್ಷರ ಕಲಿಸುವಾಗ ಅ ಆ ಇ ಈ ಎಂದು ಶುರು ಮಾಡಲಿಲ್ಲ. ಆಕಾರದಲ್ಲಿ ಹೋಲುವ ರ, ಗ, ಸ, ದ, ಅ ಮೊದಲು. ಊರಿನ ಟೀಚರೊಬ್ಬರು ಹೇಳಿಕೊಟ್ಟ ಕ್ರಮ ಇದು, ಕರ್ನಾಟಕದ ಶಾಲೆಗಳಲ್ಲೂ ಬಳಕೆಯಲ್ಲಿದೆ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವರ್ಣಮಾಲೆ ಪೂರ್ತಿ ಬಾಯಿಪಾಠ ಆದರೂ ಒಂದು ಪದ ಓದಲು ಬಾರದ ಮಗುವಿಗೆ ಬೇಜಾರು ಬರುತ್ತದೆ. "ಗರಗಸ" ಓದಿದ ದಿನ ನಮ್ಮ ಹುಡುಗ ಮನೆಯಿಡೀ ಅದನ್ನೇ ಬರೆದು ಅಂಟಿಸಿದ. ಶಾರ್ಜಾದಲ್ಲಿ ಶಾಲೆಗೆ ಶುಕ್ರವಾರದಿಂದ ಭಾನುವಾರದವರೆಗೆ ರಜೆ ಇರುವುದರಿಂದ ಇದಕ್ಕೆಲ್ಲ ಸಮಯ ಉಂಟು, ನಮಗೆ ಮನಸ್ಸು ಬೇಕು.

ಇನ್ನು ದೊಡ್ಡ ಮಕ್ಕಳ ವಿಷಯ. ಅಬುಧಾಬಿಯ ಅಕ್ಕನ ಮಗನಿಗೆ ಹದಿಮೂರು ಅಂದಿದ್ದರು. ಆ ವಯಸ್ಸಿನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಕನ್ನಡದ ಮೇಲಿನ ತಿರಸ್ಕಾರದಿಂದ ಅಲ್ಲ. ಅವರಿಗೆ ಈಗ ವಾದ ಮಾಡಬೇಕು, ನಮ್ಮ ಮಾತು ತಪ್ಪು ಅಂತ ತೋರಿಸಬೇಕು. ನಾವು ಅವರಿಗೆ ಕೊಟ್ಟ ಕನ್ನಡ ಯಾವುದು? ಊಟ ಮಾಡು, ಹಲ್ಲುಜ್ಜು, ಬಾಗಿಲು ಹಾಕು. ಅಷ್ಟು ಮಾತನ್ನು ಇಟ್ಟುಕೊಂಡು ಯಾರು ತಾನೇ ವಾದ ಮಾಡಿಯಾರು?

ಇದು ನನಗೆ ಮನದಟ್ಟಾದದ್ದು ಒಂದು ಮಳೆಗಾಲದಲ್ಲಿ. ಇಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್. ಹಾಗಾಗಿ ನಮ್ಮ ಮಕ್ಕಳಿಗೆ ಊರು ಅಂದರೆ ತುಳುವರ ಆಟಿ, ಜೋರು ಮಳೆಯ ತಿಂಗಳು. ಮಾವು ಮುಗಿದಿರುತ್ತದೆ, ಯಕ್ಷಗಾನದ ಮೇಳಗಳು ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿರುತ್ತವೆ, ಬಯಲಾಟವೂ ಇಲ್ಲ ಭೂತಕೋಲವೂ ಇಲ್ಲ. ಎಷ್ಟೋ ತಂದೆತಾಯಿ "ಮಳೆಯಲ್ಲಿ ಮಕ್ಕಳಿಗೆ ತೋರಿಸಲು ಏನೂ ಇಲ್ಲ" ಅಂತ ಬೇಜಾರು ಮಾಡುತ್ತಾರೆ. ಆದರೆ ಮಳೆಗಾಲವೇ ತಾಳಮದ್ದಲೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಬಾರಿಸುತ್ತವೆ, ಅರ್ಥಧಾರಿಗಳು ಕೂತಲ್ಲೇ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾರೆ. ಮನೆಯಲ್ಲಿ ತುಳು, ಹವ್ಯಕ ಆಡುವವರೇ ಅಲ್ಲಿ ಕೂತರೆ ಎಂಥ ಕನ್ನಡ!

ಬದಿಯಡ್ಕದ ಹತ್ತಿರ ನಡೆದ ಕೂಟಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ವಾಲಿಯ ಪ್ರಸಂಗ. ಅರ್ಧ ಗಂಟೆ ಅವಳು ಆಕಳಿಸಿದಳು. ಬಾಣ ತಾಗಿ ಬಿದ್ದ ವಾಲಿ, ಎದುರು ನಿಲ್ಲದೆ ಮರೆಯಿಂದ ಯಾಕೆ ಹೊಡೆದೆ ಅಂತ ರಾಮನನ್ನು ಕೇಳಲು ಶುರು ಮಾಡಿದ ಮೇಲೆ ನೆಟ್ಟಗೆ ಕೂತಳು. ರಾಮ ಒಂದು ಕಾರಣ ಕೊಟ್ಟರೆ ವಾಲಿ ಅದನ್ನು ಒಡೆಯುತ್ತಾನೆ, ಇನ್ನೊಂದು ಕೊಟ್ಟರೆ ಮತ್ತೆ ಪ್ರಶ್ನೆ. ಎಲ್ಲ ಮಾತೂ ಅವಳಿಗೆ ಅರ್ಥ ಆಗಲಿಲ್ಲ, ಆದರೆ ಜಗಳ ಅರ್ಥ ಆಯಿತು. ಮನೆಗೆ ಬರುವ ದಾರಿಯಲ್ಲಿ ನನ್ನ ಅಪ್ಪನ ಹತ್ತಿರ, "ಅಜ್ಜಾ, ವಾಲಿ ಹೇಳಿದ್ದೇ ಸರಿ ಅಲ್ವಾ?" ಅಂದಳು. ಅಪ್ಪ ರಾಮನ ಪಕ್ಷ. ಗಂಜಿ ಊಟದವರೆಗೂ ಇಬ್ಬರದ್ದೂ ವಾದ, ಅರ್ಧ ತುಳು ಅರ್ಧ ಕನ್ನಡ. ಅವಳು ಅಷ್ಟು ಉದ್ದದ ಕನ್ನಡ ವಾಕ್ಯಗಳನ್ನು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಊರಿಗೆ ಹೋಗಲಾಗದವರು ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥದ ಧ್ವನಿಮುದ್ರಣಗಳನ್ನು ಹಾಕಿ ಕೇಳಿಸಿ. ಇಡೀ ಪ್ರಸಂಗ ಬೇಡ, ಒಂದು ಸಂವಾದ ಸಾಕು. ಕಾರಿನಲ್ಲಿ ಹೋಗುವಾಗ ಕೇಳಿ, ಆಮೇಲೆ ನೀವು ಬೇಕೆಂದೇ ಎದುರು ಪಕ್ಷ ಹಿಡಿಯಿರಿ. ಮಗ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೊಡಲಿ, ನೀವು ಕನ್ನಡದಲ್ಲೇ ಮುಂದುವರಿಸಿ. ಸಾಧ್ಯ ಆದರೆ ಡಿಸೆಂಬರಿನ ರಜೆಯಲ್ಲೂ ಒಮ್ಮೆ ಊರಿಗೆ ಹೋಗುವುದು ಒಳ್ಳೆಯದು. ಆಗ ಬಯಲಾಟ ಉಂಟು, ಕೋಲ ಉಂಟು, ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ ಉಂಟು. ಮಂಗಳೂರಿಗೆ ಟಿಕೆಟ್ ದುಬಾರಿಯಾದರೆ ಕಣ್ಣೂರಿಗೆ ನೋಡಿ, 2018ರ ಡಿಸೆಂಬರಿನಿಂದ ಅಲ್ಲಿ ವಿಮಾನ ನಿಲ್ದಾಣ ಇದೆ.

ಗುಂಪಿನ ಹಿರಿಯರಲ್ಲಿ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಬಂದ ಮಕ್ಕಳನ್ನು ನಿಲ್ಲಿಸಿ "ಎಲ್ಲಿ, ಕನ್ನಡದಲ್ಲಿ ಏನಾದರೂ ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಕರಾವಳಿಯ ಮಕ್ಕಳ ಕನ್ನಡ ಪುಸ್ತಕದ ಹಾಗೆ ಕೇಳುತ್ತದೆ, ಬೆಂಗಳೂರಿನವರ ಕಿವಿಗೆ ಅದು ನಾಟಕದ ಮಾತಿನಂತೆ ಅನಿಸಿ ನಗು ಬರಬಹುದು. ಒಮ್ಮೆ ನಕ್ಕರೆ ಆ ಮಗು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಅವರ ಜೊತೆ ಕ್ರಿಕೆಟ್ ಬಗ್ಗೆ, ಶಾಲೆಯ ಬಸ್ಸಿನ ಬಗ್ಗೆ ಮಾತಾಡಿ, ಸಾಕು.

ಮಲಯಾಳ ಕಲಿಸಬೇಕಾ ಅಂತ ನಮ್ಮೂರಿನವರೇ ಒಬ್ಬರು ಕೇಳಿದ್ದರು. ಖಂಡಿತ ಕಲಿಸಿ. ನಮ್ಮ ವೀಸಾ ಕೆಲಸದ ಜೊತೆ ಮುಗಿಯುವಂಥದ್ದು, ಇವತ್ತಲ್ಲ ನಾಳೆ ಊರಿಗೆ ಹೋಗಲೇಬೇಕು. ಕೇರಳದಲ್ಲಿ 2017ರ ಕಾಯ್ದೆಯ ಪ್ರಕಾರ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಲಿಕೆ ಕಡ್ಡಾಯ ಆಗಿದೆ, ಕಚೇರಿಗಳಲ್ಲೂ ಅದು ಬೇಕು. ಕೇರಳ ಸರಕಾರದ ಮಲಯಾಳಂ ಮಿಷನ್ ಹೊರನಾಡಿನ ಮಕ್ಕಳಿಗಾಗಿ ಕಣಿಕ್ಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ ಎಂಬ ಹಂತಗಳಲ್ಲಿ ಪಾಠ ನಡೆಸುತ್ತದೆ. ಎಲ್ಲ ಹಂತಕ್ಕೂ ಹೂವಿನ ಹೆಸರು, ಎಷ್ಟು ಚಂದ. ಮಗಳು ಅದಕ್ಕೆ ಹೋಗುತ್ತಾಳೆ, ಅವಳ ಕನ್ನಡಕ್ಕೆ ಅದರಿಂದ ಏನೂ ತೊಂದರೆ ಆಗಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ ಅಂದವರಿಗೆ: ಕನ್ನಡ ಮಾಧ್ಯಮಕ್ಕಾಗಿ ಕೇರಳ ಸರಕಾರ ತರುವ ಪಠ್ಯಪುಸ್ತಕಗಳು ಆ ಸರಕಾರದ್ದೇ ಆದ ಕೈಟ್ ಸಂಸ್ಥೆಯ "ಸಮಗ್ರ" ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕರ್ನಾಟಕದ ಪಠ್ಯಪುಸ್ತಕಗಳೂ ಆನ್‌ಲೈನಿನಲ್ಲಿ ಇವೆ. ಮಗುವಿನ ಕ್ಲಾಸು ಯಾವುದೇ ಇರಲಿ, ಒಂದನೇ ಕ್ಲಾಸಿನ ಪುಸ್ತಕದಿಂದಲೇ ಶುರು ಮಾಡಿ. ಶಾರ್ಜಾ, ಅಜ್ಮಾನ್ ಕಡೆಯವರು ಶನಿವಾರ ಬೆಳಗ್ಗೆ ಮಕ್ಕಳನ್ನು ನಮ್ಮ ಮನೆಗೆ ಕಳಿಸಬಹುದು. ಕೂತು ಓದಲಿ, ನೀರು ದೋಸೆ ನಾನು ಮಾಡುತ್ತೇನೆ. ಬರುವವರು ಮೊದಲೇ ಒಂದು ಮೆಸೇಜ್ ಹಾಕಿ, ಕನ್ನಡದಲ್ಲಿ, ಮಗುವಿನ ಕೈಯಿಂದಲೇ.